ಹೊಟೇಲಿನಲ್ಲಿ ‘ಇಲ್ಲ’ ಅನ್ನಬಾರದು

ನನ್ನ ಗಂಡ ಬೀಡಿ ಮುಟ್ಟಿದವರಲ್ಲ. ಆದರೂ ಶ್ವಾಸಕೋಶ ಹಾಳಾಗಿದೆ. ಈ ತಮಿಳು ಪಟ್ಟಣದ ಪ್ಯಾರೀಸ್ ಕಾರ್ನರಿನ ಹಿಂದಿನ ಗಲ್ಲಿಯ ಹೊಟೇಲಿನಲ್ಲಿ, ದೋಸೆ ಕಲ್ಲಿನ ಮುಂದೆ ನಿಂತು, ಒಗ್ಗರಣೆ ಮೆಣಸಿನ ಹೊಗೆ ಕುಡಿದೇ ಪ್ರಾಯ ಕಳೆದವರು. ಈಗ ಟೋಕನ್ ಕೊಡಲು ಕೂರುತ್ತಾರೆ. ನಮ್ಮ ವಾಸ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಈಚೆಗೆ ಕೆಳಗೆ, ಹೊಟೇಲಿಗೆ ತಾಗಿ, ಒಂದು ಕೋಣೆ ಖಾಲಿಯಾಯಿತು. ಹೊಟೇಲಿನ ಧಣಿಗಳನ್ನು ಕೇಳಿದೆ. ಅವರೂ ನಮ್ಮ ಊರ ಕಡೆಯವರೇ.

“ಮೆಟ್ಟಿಲು ಹತ್ತಲಿಕ್ಕೆ ಆಗುದಿಲ್ಲ ಅಂತ ಡಾಕ್ಟ್ರು ಬರೆದು ಕೊಡ್ಲಿ, ಕೋಣೆ ನಿಮ್ದು. ಇಲ್ಲದಿದ್ರೆ ಉದ್ದಿನ ಮೂಟೆ ಇಡ್ತೇನೆ” ಎಂದರು.

ದಿನಾ ಕಣ್ಣೆದುರು ಏದುಸಿರು ಬಿಡುವ ಮನುಷ್ಯನಿಗೆ ಕಾಗದ ಬೇಕಂತೆ! ಆಯಿತು, ಆಸ್ಪತ್ರೆಗೆ ಹೋದೆವು. ದಿನದ ಕೆಲಸ ಎಷ್ಟರ ಮಟ್ಟಿಗೆ ಮಾಡಿಕೊಳ್ಳುತ್ತಾರೆ ಎಂದು ಅಳೆಯುತ್ತಾರಂತೆ. ಎಸಿ ಹಾಕಿದ ನುಣ್ಣನೆಯ ವರಾಂಡದಲ್ಲಿ ನಡೆಸಿ ನೋಡಿದರು. ಕೈಗಾಡಿ, ಲಾರಿ ಹೊಗೆ, ಮೇ ತಿಂಗಳ ಸೆಕೆ, ಇದ್ಯಾವುದೂ ಅಲ್ಲಿಲ್ಲ. ಆಮೇಲೆ ಚಿಕ್ಕ ಪ್ರಾಯದ ಡಾಕ್ಟರು ಒಂದೊಂದೇ ಕೇಳಿದರು. ನೀವೇ ಸ್ನಾನ ಮಾಡುತ್ತೀರಾ? ಬಟ್ಟೆ ಹಾಕಿಕೊಳ್ಳುತ್ತೀರಾ? ಇವರದು ಒಂದೇ ಉತ್ತರ, “ಮುಡಿಯುಂ ಸಾರ್.” ಆಗ್ತದೆ, ಆಗ್ತದೆ, ಎಲ್ಲವೂ ಆಗ್ತದೆ!

ನನಗೆ ಪಿತ್ತ ನೆತ್ತಿಗೇರಿತು. ಬೆಳಿಗ್ಗೆ ಬನಿಯನ್ನಿಗೆ ಕೈ ತೂರಿಸುವಷ್ಟರಲ್ಲೇ ದಮ್ಮು ಕಟ್ಟಿ ಮಂಚದ ಅಂಚಿನಲ್ಲಿ ಕೂತುಬಿಡುತ್ತಾರೆ, ಶರ್ಟಿನ ಗುಂಡಿ ನಾನು ಹಾಕಬೇಕು. ಸ್ನಾನಕ್ಕೆ ಸ್ಟೂಲು, ನೀರು ಹೊಯ್ಯುವವಳು ನಾನು. ಊಟ ಮಾಡುವಾಗ ಮಾತಾಡುವುದನ್ನೇ ಬಿಟ್ಟಿದ್ದಾರೆ. ತುತ್ತು ನುಂಗಬೇಕು, ಇಲ್ಲವೇ ಉಸಿರೆಳೆಯಬೇಕು. ಇದಕ್ಕೆ ಆಗ್ತದೆ ಅಂತ ಹೆಸರಾ?

“ಸಾರ್, ಆಗ್ತದಾ ಅಂತ ಕೇಳಬೇಡಿ. ಮಾಡಿದ ಮೇಲೆ ಎಂತ ಆಗ್ತದೆ ಅಂತ ಕೇಳಿ” ಎಂದೆ, ನನ್ನ ಹರಕು ತಮಿಳಿನಲ್ಲಿ.

“ಅಮ್ಮಾ, ಅವರೇ ಸೊಲ್ಲಟ್ಟುಂ.” ಅವರೇ ಹೇಳಲಿ ಎಂದು ಕೈಯೆತ್ತಿ ನನ್ನನ್ನು ತಡೆದರು. ನೀರು ಹೊಯ್ಯುವವಳ ಮಾತು ಲೆಕ್ಕಕ್ಕಿಲ್ಲ! ಮೆಟ್ಟಿಲು ಹತ್ತುತ್ತೀರಾ ಎಂದು ಕೇಳಿದರು. “ಮುಡಿಯುಂ ಸಾರ್.” ಹಾಗೆಯೇ ಬರೆದೂಬಿಟ್ಟರು.

ಹೊರಗೆ ಬಂದವಳೇ ಬೈದೆ. “ಎಂತ ಮಾರಾಯ್ರೆ, ಒಮ್ಮೆ ಇಲ್ಲ ಅನ್ಲಿಕ್ಕೆ ನಿಮ್ಗೆ ಎಂತ ಧಾಡಿ?”

“ಬಾಯಿಗೆ ಬರುದಿಲ್ಲ ಮಾರಾಯ್ತಿ.”

ಎಲ್ಲಿಂದ ಬರಬೇಕು? ಊರಿಂದ ಬಂದು ಹೊಟೇಲಿಗೆ ಸೇರಿದ ದಿನವೇ ಕಲಿಸುವ ಪಾಠ, ಗಿರಾಕಿಗೆ ಇಲ್ಲ ಅನ್ನಬಾರದು. ಇಡ್ಲಿ ಮುಗಿದಿದ್ದರೆ “ಬಿಸಿ ದೋಸೆ ಉಂಟು” ಅನ್ನಬೇಕು. ಆ ಪಾಠ ಕಲಿಸಿದ ಧಣಿಗಳೇ ಈಗ, ಇಲ್ಲ ಅಂತ ಬರೆಸಿಕೊಂಡು ಬನ್ನಿ ಅನ್ನುತ್ತಾರೆ!

ನಾವು ವಾಪಸು ಬರುವಷ್ಟರಲ್ಲಿ ಕೆಳಗಿನ ಕೋಣೆಗೆ ಮೂಟೆ ಇಳಿಸುತ್ತಿದ್ದರು. ಧಣಿಗಳು ಕಾಗದ ಓದಿ, “ಹತ್ತಲಿಕ್ಕೆ ಆಗ್ತದಲ್ಲ, ಒಳ್ಳೇದಾಯ್ತು” ಎಂದರು. ಇವರು ತಲೆಯಾಡಿಸಿ ಮೆಟ್ಟಿಲ ಕಡೆ ತಿರುಗಿದರು. ನಾನು ತೋಳು ಹಿಡಿದು ಕೋಣೆಯೊಳಗೆ ಎಳೆದೊಯ್ದು, ಉದ್ದಿನ ಮೂಟೆಯ ಮೇಲೆ ಕೂರಿಸಿದೆ.

“ನಾವು ಹತ್ತುದಿಲ್ಲ ಧಣಿಗಳೇ. ಮೂಟೆ ಹತ್ಲಿ. ಅದಕ್ಕೆ ದಮ್ಮು ಕಟ್ಟುದಿಲ್ಲ.”

ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಧಣಿಗಳು ನನ್ನನ್ನು ಬಿಟ್ಟು ಇವರನ್ನು ಕೇಳಿದರು. “ಎಂತದಾ, ನಿಜವಾಗಿ ಆಗುದಿಲ್ವಾ?” ಎಲ್ಲರೂ ಇವರನ್ನೇ ಕೇಳುವವರು!

ಇವರು ಬಾಯಿ ತೆರೆದರು. ಹೆದರಿದ್ದು ನನ್ನ ಸಿಟ್ಟಿಗೋ ಮೂರು ಮಹಡಿಗೋ, ನನಗೆ ಇವತ್ತಿಗೂ ಗೊತ್ತಿಲ್ಲ.

“ಇಲ್ಲ ಧಣಿ.”

ಮೂಟೆ ಹೊತ್ತು ಬರುತ್ತಿದ್ದವನಿಗೆ ಧಣಿಗಳು ನಿಲ್ಲು ಎಂದು ಕೈ ಮಾಡಿದರು. ಇವರು ಮಾತ್ರ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ, ಗಿರಾಕಿಗಳ ಮುಂದೆ ತಲೆ ತಗ್ಗಿಸಿ ಕೂತಿದ್ದರು.