ದೊಡ್ಡಪ್ಪನ ಗುಡ್ಡದ ಕಲ್ಲುಖೋಲಿ

ಕೆನಡಾದ ಎರಿನ್ ಮಿಲ್ಸ್‌ನ ನಮ್ಮ ಮನೆಯಲ್ಲಿ ನಡೆದ ಆ ಸಂಕ್ರಾಂತಿ ಊಟದ ಕತೆಯನ್ನು ನಮ್ಮವರು ಈಗಲೂ ನಗುತ್ತ ಹೇಳುತ್ತಾರೆ: ಹುಡುಗಿ ಒಂದು ನಕ್ಷೆ ತೋರಿಸಿದಳು, ದೊಡ್ಡಪ್ಪನ ಬಾಯಿ ಮುಚ್ಚಿತು. ಬಾಯಿ ಮುಚ್ಚಿದ್ದು ನಿಜ. ಆದರೆ ನಾನು ಗೆದ್ದೆ ಅನ್ನುತ್ತಾರಲ್ಲ, ಅದಕ್ಕೆ ನನ್ನ ತಕರಾರಿದೆ.

ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಧಾರವಾಡದಿಂದ ಕೆನಡಾಕ್ಕೆ ನೇರವಾಗಿ ಬಂದವರಲ್ಲ. ನಡುವೆ ಎರಡು ವರ್ಷ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಯಂತ್ರಗಳ ಫ್ಯಾಕ್ಟರಿಯೊಂದರಲ್ಲಿ ಕೆಲಸ ಕಲಿತರು. ಒಂದು ಭಾನುವಾರ ಊರ ಹಿಂದಿನ ಗುಡ್ಡ ಹತ್ತಿದರಂತೆ. ಮಂಜು ಇಳಿದು ಕಾಲಕೆಳಗಿನ ದಾರಿಯೂ ಕಾಣದಾಯಿತಂತೆ. ತಡವರಿಸುತ್ತ ಹೋಗುವಾಗ ಗುಡ್ಡದ ಎಡ ಹೆಗಲ ಮೇಲೆ ಕಲ್ಲಿನ ಖೋಲಿ ಸಿಕ್ಕಿತು. ಒಳಗೆ ಮುದುಕ ಕುರಿಗಾಹಿಯೊಬ್ಬ ಕೂತಿದ್ದ. ಇವರ ಡಬ್ಬಿಯ ಚಪಾತಿ ಇಬ್ಬರೂ ತಿಂದರು, ಅವನ ಫ್ಲಾಸ್ಕಿನ ಚಹಾ ಇಬ್ಬರೂ ಕುಡಿದರು. ಮಂಜು ಸರಿಯುವವರೆಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯಲಿಲ್ಲ. ಇಷ್ಟೇ ಕತೆ. ಪ್ರತಿ ಸಂಕ್ರಾಂತಿಗೆ ಶೇಂಗಾ ಹೋಳಿಗೆಯ ಜೊತೆ ಅದೂ ಬಡಿಸಲ್ಪಡುತ್ತಿತ್ತು, ಮತ್ತು ವರ್ಷವರ್ಷಕ್ಕೂ ಖೋಲಿ ಸ್ವಲ್ಪ ದೊಡ್ಡದಾಗುತ್ತಿತ್ತು.

ನಾನು ಹೈಸ್ಕೂಲಿನಿಂದಲೂ ಡಿಬೇಟ್ ಮಾಡಿದವಳು. ಯಾರಾದರೂ "ಇತ್ತು" ಅಂದರೆ "ತೋರಿಸಿ" ಅನ್ನುವುದು ನನಗೆ ಉಸಿರಾಟದಷ್ಟೇ ಸಹಜ. ಆ ಊಟದ ವರ್ಷ ಗ್ರಂಥಾಲಯವೊಂದರಲ್ಲಿದ್ದ ಇಂಗ್ಲೆಂಡಿನ ಹಳೆಯ ನಕ್ಷೆಗಳು ಆನ್‌ಲೈನಿನಲ್ಲಿ ಸಿಕ್ಕವು. ದೊಡ್ಡಪ್ಪ ಗುಡ್ಡ ಹತ್ತಿದ ವರ್ಷವೇ ಅಚ್ಚಾದ ನಕ್ಷೆಯನ್ನು ಹುಡುಕಿ ಟೀವಿಗೆ ಹಾಕಿದೆ.

"ನೋಡ್ರಿ ದೊಡ್ಡಪ್ಪ. ಇದು ಕುರಿದೊಡ್ಡಿ, ಇದು ಒರತೆ. ಇಲ್ಲಿ ಒಂದೇ ಒಂದು ಗಡಿಕಲ್ಲು, ಅದನ್ನೂ ಬಿಟ್ಟಿಲ್ಲ. ನಿಮ್ಮ ಖೋಲಿ ಎಲ್ಲೈತಿ?"

ಅವರು ಎದ್ದು ಟೀವಿಯ ಹತ್ತಿರ ಹೋಗಿ ಬೆರಳಿಟ್ಟು ಹುಡುಕಿದರು. "ನಕಾಶೆ ಬರದಾವ ಅವತ್ತು ಮಂಜಿನ್ಯಾಗ ಬಂದಿದ್ದಿಲ್ಲವ್ವಾ."

"ಅದು ಪುರಾವೆ ಅಲ್ರಿ, ಡೈಲಾಗು."

ಎಲ್ಲರೂ ಬಿದ್ದುಬಿದ್ದು ನಕ್ಕರು. ದೊಡ್ಡಪ್ಪನೂ ನಕ್ಕರು. "ಚಪಾತಿ ಆದ್ರೂ ಖರೇನೋ, ಅದೂ ಇಲ್ಲೋ?" ಎಂದು ಅಪ್ಪ ಕೆಣಕಿದ. ನೆನಪು ಪುರಾವೆಯಾಗುವುದಿಲ್ಲ, ಹೇಳಿದ ಹಾಗೆಲ್ಲ ಬದಲಾಗುತ್ತದೆ ಎಂದು ನಾನು ಕೊನೆಯ ಮೊಳೆ ಹೊಡೆದೆ. ಅವರು ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಮುರಿದರು. ತಿನ್ನಲಿಲ್ಲ. ಅದನ್ನು ನಾನು ನೋಡಿದೆ. ನೋಡಿಯೂ ಟೀವಿಯ ಮೇಲೆ ಇನ್ನೊಂದು ನಕ್ಷೆ ತೆರೆದೆ.

ಮುಂದಿನ ಸಂಕ್ರಾಂತಿಗೆ, ಬರ್ಲಿಂಗ್ಟನ್ನಿನ ದೊಡ್ಡಪ್ಪನ ಮನೆಯಲ್ಲಿ, ಅವರ ಮೊಮ್ಮಗಳು, ಆರು ವರ್ಷದವಳು, ತೊಡೆಯೇರಿ ಗುಡ್ಡದ ಕತೆ ಕೇಳಿದಳು.

"ಅದು ಹಂಗ ಸುಮ್ಮನ ಕತಿ, ಪುಟ್ಟಿ. ಅಲ್ಲೇನೂ ಇದ್ದಿದ್ದಿಲ್ಲ."

"ಬಟ್ ಅಜ್ಜಾ, ಯೂ ಸೆಡ್ ಇಟ್ ವಾಸ್ ರಿಯಲ್!"

ಅವರು ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. ಸರಿಯಾಗಿ ಹೇಳಿದೆನೇ ಎಂದು ಟೀಚರನ್ನು ಕೇಳುವ ಹಾಗಿತ್ತು.

ಮನೆಗೆ ಬಂದವಳೇ ನಕ್ಷೆಯನ್ನು ಮತ್ತೆ ತೆರೆದೆ. ಈ ಸಲ ಗುಡ್ಡ ನೋಡಲಿಲ್ಲ, ಕೆಳಗಿನ ಅಂಚು ನೋಡಿದೆ. ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಬರೆದಿತ್ತು: ಅಚ್ಚಾದದ್ದು ಆ ವರ್ಷ, ಗುಡ್ಡವನ್ನು ಅಳೆದದ್ದು ದೊಡ್ಡಪ್ಪ ಹುಟ್ಟುವುದಕ್ಕೂ ಮೊದಲು. ಆಮೇಲೆ ತಿದ್ದಿದ್ದು ರಸ್ತೆಗಳನ್ನಷ್ಟೇ. ಆಧಾರ ಯಾವ ಕಾಲದ್ದು ಎಂದು ಮೊದಲು ನೋಡಿ ಅಂತ ಜೂನಿಯರ್‌ಗಳಿಗೆ ಗಂಟಲು ಹರಿದುಕೊಂಡು ಕಲಿಸಿದವಳು ನಾನೇ.

ಹೊಸದಾಗಿ ಅಳೆದ ಮುಂದಿನ ನಕ್ಷೆಯಲ್ಲಿ, ಎಡ ಹೆಗಲ ಮೇಲೆ, ಸಾಸಿವೆಯಷ್ಟು ಕಪ್ಪು ಚೌಕವಿತ್ತು. ಅಲ್ಲಿಯ ದಾಖಲೆ ಕಚೇರಿಗೆ ಬರೆದೆ. ಆ ಗುಡ್ಡದ ಹಳೆಯ ಮಾಲೀಕರ ಕಾವಲುಗಾರ ಇಟ್ಟ ದಿನಚರಿಯ ಒಂದು ಪುಟ ಸ್ಕ್ಯಾನ್ ಆಗಿ ಬಂತು: ಕುರಿಗಾಹಿಯ ಖೋಲಿಯ ತಗಡು ಗಾಳಿಗೆ ಹಾರಿದ್ದನ್ನು ಮತ್ತೆ ಬಡಿದ ಬಗ್ಗೆ. ದೊಡ್ಡಪ್ಪ ಗುಡ್ಡ ಹತ್ತಿದ ವರ್ಷದ್ದೇ ಪುಟ.

ಎರಡನ್ನೂ ಪ್ರಿಂಟ್ ಹಾಕಿಸಿ ಶನಿವಾರ ಬೆಳಿಗ್ಗೆ ಬರ್ಲಿಂಗ್ಟನ್ನಿಗೆ ಓಡಿದೆ. ದೊಡ್ಡಪ್ಪ ಅಡಿಗೆಮನೆಯ ಟೇಬಲ್ಲಿನ ಮೇಲೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ತಪ್ಪು ನಂದು ದೊಡ್ಡಪ್ಪ. ಖೋಲಿ ಇತ್ತು. ನೀವು ಹೇಳಿದ್ದ ಜಾಗಾದಾಗನ ಇತ್ತು."

"ಇರಬಹುದವ್ವಾ." ಭೂತಗನ್ನಡಿ ಕೆಳಗಿಟ್ಟರು. "ಆದ್ರ ನಾ ಹೋಗಿದ್ದು ಅಲ್ಲಿಗೇನ ಏನೋ. ಎಲ್ಲೋ ಕೇಳಿದ್ದನ್ನ ನಂದ ಅನ್ಕೊಂಡಿರಬಹುದು. ನೀನ ಹೇಳಿದ್ದಿ ಅಲ್ಲ, ನೆನಪು ಬದಲಾಗ್ತದಂತ."

ಆ ಊಟದ ದಿನದ ನನ್ನ ವಾದದಲ್ಲಿ ಸೋಲದೆ ಉಳಿದದ್ದು ಆ ಒಂದು ಮಾತು. ಅದಕ್ಕೆ ಎದುರುತ್ತರ ನಕ್ಷೆಯಲ್ಲಿ ಸಿಗುವಂಥದ್ದಲ್ಲ. ದೊಡ್ಡಮ್ಮ ಚಹಾ ತಂದಿಟ್ಟರು. ದೊಡ್ಡಪ್ಪ ಹಾಳೆಗಳನ್ನು ನೀಟಾಗಿ ಮಡಚಿ ನನ್ನ ಕಡೆಗೆ ಸರಿಸಿದರು. ಆ ಚೌಕಕ್ಕೆ ಬಾಗಿಲು ಬರೆದಿರಲಿಲ್ಲ, ದಿನಚರಿಯಲ್ಲೂ ಬಾಗಿಲಿನ ಸುದ್ದಿಯಿರಲಿಲ್ಲ; ಅದನ್ನು ಒಳಗೆ ಹೋದವರಷ್ಟೇ ಹೇಳಬಲ್ಲರು. ಹಾಳೆ ಬಿಚ್ಚಿ ಮತ್ತೆ ಅವರ ಮುಂದಿಟ್ಟೆ.

"ದೊಡ್ಡಪ್ಪ, ನೀವು ಒಳಗ ಹೋಗುವಾಗ ಗಾಳಿ ಬೆನ್ನಿಗಿತ್ತೋ, ಮುಖಕ್ಕಿತ್ತೋ? ಬಾಗಲಾ ಯಾವ ಕಡೆ ಇತ್ರಿ?"