ಬೆಣ್ಣೆಯಂಥ ಬಿಲ್ಲು

ವಿರೂಪಾಕ್ಷನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಅವನಿಗೆ ಸಲ್ಲದ ಬಿಲ್ಲನ್ನು ಕೊಡಿಸಿದೆ, ಸಲ್ಲುವ ಬಿಲ್ಲನ್ನು ನಾನಿಟ್ಟುಕೊಂಡೆ. ಆಮೇಲೆ ತನ್ನ ಕೈಯೇ ಕೆಟ್ಟದ್ದೆಂದು ಅವನು ಕೊರಗುವುದನ್ನು ವರ್ಷಗಟ್ಟಲೆ ನೋಡುತ್ತ — ಬರೀ ನೋಡುತ್ತ ಅಲ್ಲ, ಅವನ ಮನೆಯಲ್ಲಿ ಹಬ್ಬದ ಊಟ ಉಣ್ಣುತ್ತ — ಬಾಯಿ ಮುಚ್ಚಿಕೊಂಡಿದ್ದೆ. ಸುಮ್ಮನಿರುವ ಬಾಯಲ್ಲ ನನ್ನದು. ಬೇಡದ ಕಡೆಯೆಲ್ಲ ತೆರೆಯುತ್ತದೆ. ಬೇಕಾದ ಕಡೆ ಒಂದೇ ಒಂದು ಸಲ ತೆರೆಯಬೇಕಿತ್ತು.

ನಾನು ಮೈಸೂರಿನವಳು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ ಮಾಡಿ ಕೂದಲು ನರೆಸಿಕೊಂಡವಳು. ಬಿಲ್ಲು ಹಿಡಿದದ್ದು ತಡವಾಗಿ, ಲ್ಯಾಬಿನ ಗೆಳತಿಯೊಬ್ಬಳು ಎಳೆದುಕೊಂಡು ಹೋದಳೆಂದು. ಅವಳು ಬಿಟ್ಟಳು, ನಾನು ಬಿಡಲಿಲ್ಲ. ಇನ್ನೂರ ಎಂಬತ್ತನೇ ನಂಬರಿನ ಫ್ರೀವೇ ಬಿಟ್ಟು ಗುಡ್ಡ ಹತ್ತಿದರೆ ನೀಲಗಿರಿ ಮರಗಳ ನಡುವೆ ನಮ್ಮ ಅಭ್ಯಾಸದ ಬಯಲು. ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿರುತ್ತದೆಂದರೆ ದೂರದ ಗುರಿಯ ಹಲಗೆ ಇದೆಯೆಂದು ನಂಬಿ ಬಾಣ ಬಿಡಬೇಕು. ಬಾಣ ತಾಗಿದ ಸದ್ದು ಮಾತ್ರ ಕೇಳಿಸುತ್ತದೆ. ಆ ಸದ್ದಿಗೆ ನಾನು ಸೋತುಹೋದೆ.

ವಿರೂಪಾಕ್ಷ ಸಿಕ್ಕಿದ್ದೂ ಅಲ್ಲೇ. ಪಾಲೋ ಆಲ್ಟೋದ ಅವನ ಆಫೀಸಿನವರು ಒಂದು ದಿನದ ಮೋಜಿಗೆಂದು ಬಂದಿದ್ದರು. ನನ್ನ ಬಾಣವೊಂದು ಪೊದೆಗೆ ಹೋಯಿತು. "ಥೂ, ನಿನ್ನ ಕಣ್ಣಿಗಿಷ್ಟು ಮಣ್ಣು ಹಾಕ" ಎಂದು ನನಗೆ ನಾನೇ ಬೈದುಕೊಂಡೆ. ಹಿಂದಿನಿಂದ ಯಾರೋ, "ಮೈಸೂರ ಕಡೆಯವರೇನ್ರಿ?" ಎಂದರು. ತಿರುಗಿದರೆ ಅಗಲ ಭುಜದ, ನಗುಮುಖದ ಒಬ್ಬ. "ನಮ್ಮದು ಹುಬ್ಬಳ್ಳಿರಿ. ಬೈಗುಳ ಕೇಳಿ ಭಾಳ ದಿನ ಆಗಿತ್ತು, ಕಿವಿ ತಣ್ಣಗಾತು."

ಅವತ್ತಿನಿಂದ ನಾನು ಅವನಿಗೆ ಅಕ್ಕಾರ. ಶನಿವಾರ ಬೆಳಿಗ್ಗೆ ಅವನು ತಾನಿದ್ದ ಕ್ಯಾಂಪ್‌ಬೆಲ್ಲಿನಿಂದ ಬರುತ್ತಿದ್ದ, ಹೆಂಡತಿ ಗಿರಿಜಾ ಕಟ್ಟಿಕೊಟ್ಟ ಚುರುಮುರಿಯ ಡಬ್ಬಿ ಸಮೇತ. ನಾನು ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದೆ. ನನಗೆ ತಮ್ಮಂದಿರಿಲ್ಲ. ಆ ಶನಿವಾರಗಳಲ್ಲಿ ಒಬ್ಬ ಇದ್ದ. ಮಂಜು ಕರಗಿ ಕೆಳಗೆ ಕೊಲ್ಲಿಯ ನೀರು ಕಾಣುವ ಹೊತ್ತಿಗೆ ಡಬ್ಬಿ ಖಾಲಿಯಾಗಿರುತ್ತಿತ್ತು, ಮಾತು ಮಾತ್ರ ಮುಗಿದಿರುತ್ತಿರಲಿಲ್ಲ. ಈಗಲೂ ಹುರಿದ ಶೇಂಗಾದ ವಾಸನೆ ಬಂದರೆ ನನಗೆ ನಾವು ಕೂರುತ್ತಿದ್ದ ಆ ಬಯಲಂಚಿನ ಬೆಂಚು ನೆನಪಾಗುತ್ತದೆ.

ಅವನಿಗೆ ಬೇಟೆಯ ಆಸೆ ಮೊದಲಿನಿಂದ. ಮೋಜಿಗಲ್ಲ. "ತಿನ್ನೂದಾದ್ರ ನಾವ ಹೊಡದು ತಿನ್ನಬೇಕ್ರಿ, ಅಕ್ಕಾರ. ಪ್ಲಾಸ್ಟಿಕ್ ಚೀಲದಾಗಿಂದು ತಂದು ತಿಂದು, ಜೀವ ಹೋದದ್ದು ಗೊತ್ತ ಇಲ್ಲದಂಗ ಇರೂದು ಸರಿ ಅಲ್ಲ" ಎನ್ನುತ್ತಿದ್ದ. ನಾನೂ ಆಗಲೇ ಬಿಲ್ಲಿನಿಂದ ಒಂದೆರಡು ಕಾಡುಹಂದಿ ಹೊಡೆದಿದ್ದೆ. ಗಿಲ್ರಾಯ್ ಆಚೆಯ ಗುಡ್ಡಗಳಲ್ಲಿ ಹಂದಿಗಳ ಕಾಟ, ಜಮೀನಿನವರೇ ಕರೆಯುತ್ತಿದ್ದರು. ನನ್ನದು ಗಾಲಿ, ತಂತಿ, ದುರ್ಬೀನು ಇರುವ ಆಧುನಿಕ ಬಿಲ್ಲಲ್ಲ — ತುದಿಗಳು ಮುಂದಕ್ಕೆ ಬಾಗಿದ ಮರದ ರಿಕರ್ವ್ ಬಿಲ್ಲು. ಅದರಲ್ಲಿ ಎಳೆಯುವುದೂ ನೀನೇ, ಹಿಡಿದು ನಿಲ್ಲುವುದೂ ನೀನೇ, ತಪ್ಪಿದರೆ ತಪ್ಪಿದವನೂ ನೀನೇ.

ಬಿಲ್ಲು ಆರಿಸಲು ಹೊಸಬರಿಗೆ ನಾನು ಒಂದು ಪರೀಕ್ಷೆ ಇಟ್ಟಿದ್ದೆ. ಬಯಲಿನಲ್ಲಿ ಎಲ್ಲರಿಗೂ ಅದು ಗೊತ್ತು, ನಗುತ್ತಿದ್ದರು ಕೂಡ. ಹೆದೆಯನ್ನು ಪೂರ್ತಿ ಎಳೆದು ತುಟಿಯ ಅಂಚಿಗೆ ತಂದು, ಅಲ್ಲೇ ನಿಂತು, ಹುಟ್ಟಿದ ಊರಿನ ಹೆಸರು ಹೇಳಬೇಕು. ಉಸಿರು ಕಟ್ಟದೆ, ಸ್ವರ ನಡುಗದೆ ಬಂದರೆ ಅದು ನಿನ್ನ ಬಿಲ್ಲು. ಊರ ಹೆಸರು ಅರ್ಧಕ್ಕೆ ನಿಂತರೆ ಕೆಳಗಿಡು. ಬಿಲ್ಲಿನ ಮೇಲೆ ಎಳೆತದ ಭಾರ ಎಷ್ಟು ಪೌಂಡು ಎಂದು ಬರೆದಿದ್ದರೂ ಸರಿ, ಎಷ್ಟೇ ಚಂದವಿದ್ದರೂ ಸರಿ. ನಡುಗುವ ಕೈ ಪ್ರಾಣಿಯನ್ನು ಕೊಲ್ಲುವುದಿಲ್ಲ, ನರಳಿಸುತ್ತದೆ. ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ. ಹೇಳುವಾಗ ನನ್ನ ಗತ್ತು ನೋಡಬೇಕಿತ್ತು ನೀವು.

ನಮ್ಮ ಹಳೆಯ ಸದಸ್ಯರೊಬ್ಬರು ಊರು ಬಿಟ್ಟು ಹೋಗುವವರಿದ್ದರು. ತಮ್ಮ ಎರಡು ಬಿಲ್ಲುಗಳನ್ನು ಟ್ರಕ್ಕಿನ ಹಿಂಬಾಗಿಲ ಮೇಲೆ ಇಟ್ಟು, ನಿಮ್ಮಿಬ್ಬರಲ್ಲಿ ಯಾರಿಗೆ ಯಾವುದು ಹೊಂದುತ್ತದೋ ನೋಡಿಕೊಳ್ಳಿ ಎಂದು ಬಾಣ ಹೆಕ್ಕಲು ಹೋದರು. ಒಂದು ಎಳೆಯಲು ಭಾರದ್ದು, ಕರಿ ಮರದ್ದು, ನೋಡಲು ರಾಜಠೀವಿ. ಇನ್ನೊಂದು ಹಗುರ, ಬಣ್ಣ ಮಾಸಿದ್ದು. ಮಾಸಿದ್ದನ್ನು ನಾನು ಮೊದಲು ಎಳೆದೆ. ಏನು ಹೇಳಲಿ — ಕೆಲವು ಬಿಲ್ಲು ಕೊನೆಯಲ್ಲಿ ಗೋಡೆಗೆ ಬಡಿದ ಹಾಗೆ ಬಿಗಿದು ನಿಲ್ಲುತ್ತವೆ. ಇದು ನಿಲ್ಲಲಿಲ್ಲ. ಮೊದಲಿನಿಂದ ತುಟಿಯವರೆಗೆ ಒಂದೇ ಸಮ ಬಂತು. ಬಾಣ ಹೋಗಿ ನಡುವಿಗೇ ನೆಟ್ಟಿತು. ನನಗೆ ಆ ಕ್ಷಣಕ್ಕೇ ಬೇಕೆನಿಸಿತು, ಮಕ್ಕಳಿಗೆ ಆಟಿಕೆ ಬೇಕೆನಿಸುತ್ತದಲ್ಲ, ಹಾಗೆ.

ಆಮೇಲೆ ವಿರೂಪಾಕ್ಷ ಎಳೆದ. ಎಳೆದವನೇ, ನಾನು ಕೇಳುವ ಮೊದಲೇ, ನಗುತ್ತ "ಹುಬ್ಬಳ್ಳಿ" ಎಂದ. ಗಂಟಲು ನಡುಗಲಿಲ್ಲ. ಬಾಣ ನನ್ನ ಬಾಣದ ಪಕ್ಕಕ್ಕೇ ಹೋಗಿ ಕೂತಿತು. "ಅಕ್ಕಾರ, ಇದು ಬೆಣ್ಣಿ ಆಗೇತ್ರಿ, ಬೆಣ್ಣಿ."

ಆಗ ನಾನು ಆಡಿದ ಮಾತು ಇದು. ಒಂದಕ್ಷರವೂ ಮರೆತಿಲ್ಲ.

"ನಿಂಗೆ ಇದು ಹಗುರ ಆಯ್ತು ಕಣೋ. ನನ್ನಂಥೋಳಿಗೆ ಸರಿ. ಆ ಭುಜ ಇಟ್ಕೊಂಡು ಹಂದಿ ಹೊಡೆಯೋಕೆ ಇದನ್ನ ಹಿಡಿದ್ರೆ ಜನ ನಗ್ತಾರೆ. ಆ ಕರೀದು ತಗೋ."

ಅವನು ಕರಿಯದನ್ನು ಎತ್ತಿ ಎಳೆದ. ಮುಖ ಕೆಂಪಾಯಿತು. ಹೆದೆ ತುಟಿಯವರೆಗೆ ಬರಲೇ ಇಲ್ಲ. ಮೊಣಕೈ ಸಣ್ಣಗೆ ನಡುಗುವುದು ನನಗೆ ಕಂಡಿತು. ಊರ ಹೆಸರು ನಾನು ಕೇಳಲಿಲ್ಲ. "ರೂಢಿ ಆಗುತ್ತೆ ಬಿಡು" ಎಂದೆ. ಅವನು ಒಂದು ಸಲ ಆ ಮಾಸಿದ ಬಿಲ್ಲಿನ ಕಡೆ ನೋಡಿದ. ಆಮೇಲೆ, "ನೀವು ಹೇಳಿದ ಮ್ಯಾಲ ಮುಗೀತ್ರಿ" ಎಂದ.

ರೂಢಿಯಾಗಲಿಲ್ಲ. ಆಗಿದೆಯೆಂದು ಅವನು ತೋರಿಸಿಕೊಂಡ, ನಾನು ನಂಬಿದವಳಂತೆ ನಟಿಸಿದೆ. ಹತ್ತಿರದ ಗುರಿಗೆ ಹೇಗೋ ಹೊಡೆಯುತ್ತಿದ್ದ. ಭುಜ ನೋವೆಂದು ಗಿರಿಜಾ ಎಣ್ಣೆ ಹಚ್ಚುತ್ತಿದ್ದಳಂತೆ. ಅದನ್ನೂ ನಗುತ್ತಲೇ ಹೇಳಿದ. ಗಿಲ್ರಾಯ್ ಕಡೆಯಿಂದ ಬೇಟೆಗೆ ಕರೆ ಬಂದಾಗ ನಾನು ಈಗಲೇ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಎಂದರೆ ಯಾಕೆ ಎಂದು ಕೇಳುತ್ತಿದ್ದ.

ಬೆಳಗಿನ ಹೊತ್ತು. ಓಕ್ ಮರಗಳ ಕೆಳಗೆ ಒಣಹುಲ್ಲು ಒದ್ದೆಯಾಗಿತ್ತು. ಹಂದಿ ಒಂಟಿಯಾಗಿ, ಮೂಗಿನಿಂದ ಮಣ್ಣು ಕೆದಕುತ್ತ ಹೊರಬಂತು. ಮೊದಲ ಬಾಣ ಅವನದೆಂದು ಮಾತಾಗಿತ್ತು. ಅವನು ಎಳೆದ. ಹಂದಿ ತಲೆಯೆತ್ತಿ ನಿಂತಿತು — ಅದು ಮತ್ತೆ ತಲೆ ತಗ್ಗಿಸುವವರೆಗೆ ಹಿಡಿದು ನಿಲ್ಲಬೇಕಿತ್ತು, ಅಷ್ಟೇ. ಅವನ ತೋಳು ನಡುಗಿತು. ಬಿಲ್ಲಿನ ತುದಿ ಅಲ್ಲಾಡಿತು. ಹಿಡಿಯಲಾಗದೆ ಬಿಟ್ಟ. ಬಾಣ ಎದೆಗೂಡು ಬಿಟ್ಟು ಹಿಂದೆ, ಹೊಟ್ಟೆಗೆ ತಾಗಿತು. ಅದು ಕೂಗಿದ್ದು — ಬೇಡ, ಅದನ್ನು ಬರೆಯಲಾರೆ.

ರಕ್ತದ ಜಾಡು ಹಿಡಿದು ಮಧ್ಯಾಹ್ನದವರೆಗೆ ಹೋದೆವು. ಒಂದು ಕೊರಕಲಿನ ಮುಳ್ಳುಪೊದೆಯಲ್ಲಿ ಜಾಡು ತಪ್ಪಿತು. ಅವನು ಮಂಡಿಯೂರಿ ಪೊದೆಯೊಳಗೆಲ್ಲ ನುಗ್ಗಿದ, ಮುಖ ಕೈ ಎಲ್ಲ ತರಚಿಕೊಂಡ. ಸಿಗಲಿಲ್ಲ. ಕೊನೆಗೆ ನೆಲದ ಮೇಲೆ ಕೂತು ತನ್ನ ಅಂಗೈ ನೋಡಿಕೊಂಡ. "ನನ್ನ ಕೈ ಸರಿ ಇಲ್ರಿ, ಅಕ್ಕಾರ. ಇಂಥಾ ಕೈಯಾಗ ಬಿಲ್ಲು ಹಿಡೀಬಾರದು."

ನನ್ನ ಹೆಗಲ ಮೇಲೆ ಬೆಣ್ಣೆಯಂಥ ಬಿಲ್ಲು ತೂಗುತ್ತಿತ್ತು. "ಆಗುತ್ತೆ ಬಿಡೋ, ಎಲ್ಲರಿಗೂ ಆಗುತ್ತೆ" ಎಂದೆ.

ಅವನು ಮಾಂಸ ಬಿಟ್ಟ. ಬಯಲಿಗೆ ಬರುವುದನ್ನೂ ಬಿಟ್ಟ. ಆದರೆ ಬಿಲ್ಲನ್ನು ಯಾರಿಗೂ ಕೊಡಲಿಲ್ಲ. ಪ್ರತಿ ಆಯುಧಪೂಜೆಗೆ ನನ್ನನ್ನು ಕರೆಯುತ್ತಿದ್ದ. ಕ್ಯಾಂಪ್‌ಬೆಲ್ಲಿನ ಅವನ ಗರಾಜಿನಲ್ಲಿ ಕಾರು ತೊಳೆದು, ಚಕ್ರಗಳಡಿ ನಿಂಬೆಹಣ್ಣು ಇಟ್ಟು, ಒಂದು ಮೇಜಿನ ಮೇಲೆ ಲ್ಯಾಪ್‌ಟಾಪು, ಅಡುಗೆಮನೆಯ ಚಾಕು, ಸ್ಕ್ರೂಡ್ರೈವರು, ಅವುಗಳ ನಡುವೆ ನಮ್ಮಿಬ್ಬರ ಬಿಲ್ಲುಗಳು. ನಿಮ್ಮ ಬಿಲ್ಲೂ ತರ್ರಿ, ಎರಡೂ ಒಂದ ಕಡೆಯಿಂದ ಬಂದಾವ, ಅಕ್ಕತಂಗಿ ಇದ್ದಂಗ ಎನ್ನುತ್ತಿದ್ದ. ಕರಿಬಿಲ್ಲಿಗೆ ಕುಂಕುಮ ಹಚ್ಚುವಾಗ ಅವನ ತುಟಿ ಅಲ್ಲಾಡುತ್ತಿತ್ತು. ಒಂದು ವರ್ಷ, ಏನದು ಅಷ್ಟು ಹೊತ್ತು ಮಂತ್ರ ಎಂದು ರೇಗಿಸಿದೆ. "ಮಂತ್ರ ಅಲ್ರಿ. ತಪ್ಪಾತು ಅಂತ ಕೇಳ್ಕೋತೀನಿ. ಕೈ ಮಾಡಿದ ತಪ್ಪಿಗೆ ಇದಕ್ಯಾಕ ಮೂಲ್ಯಾಗ ಕೂಡೂ ಶಿಕ್ಷಾ?"

ಅವತ್ತು ಗಿರಿಜಾ ಹೋಳಿಗೆ ಬಡಿಸಿದಳು. ತಿಂದೆ. ಮುಂದಿನ ವರ್ಷವೂ ಹೋದೆ, ತಿಂದೆ.

ಕಳೆದ ವರ್ಷದ ಪೂಜೆಯಲ್ಲಿ ಅವನ ಮಗಳು ಅನಘಾ ಕರಿಬಿಲ್ಲನ್ನು ಮುಟ್ಟಿ, "ಅಪ್ಪಾ, ಕ್ಯಾನ್ ಐ ಲರ್ನ್ ದಿಸ್?" ಎಂದಳು. ಕಾಲೇಜಿಗೆ ಸೇರಿದ ಹುಡುಗಿ. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಗೆ ಬರುವುದು ಇಂಗ್ಲಿಷು. ವಿರೂಪಾಕ್ಷನ ಮುಖ ಅಷ್ಟು ಅರಳಿದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. "ಇವತ್ತು ಆಯುಧ ಮುಟ್ಟಿ ಕೆಲಸ ಮಾಡೂಹಂಗಿಲ್ಲ. ನಾಳೆ ದಸಮಿ, ಕಲಿಯಾಕ ಅದಕ್ಕಿಂತ ಚಲೋ ದಿನ ಇಲ್ಲ" ಎಂದು ನನ್ನ ಕಡೆ ತಿರುಗಿದ. "ಅಕ್ಕಾರ, ನನಗ ಹೆಂಗ ಕಲಿಸಿದ್ರಿ, ಇಕಿಗೂ ಹಂಗ ಕಲಿಸ್ರಿ. ಬಿಲ್ಲು ಇದ ಇರ್ಲಿ. ಇಕಿ ಕೈ ನನ್ನಂಗ ಇರಲಿಕ್ಕಿಲ್ಲ."

ನಾನು ಹೂಂ ಎಂದೆ. ಮನೆಗೆ ಬಂದು ನನ್ನ ಬಿಲ್ಲನ್ನು ನಾಳೆಗೆಂದು ಬಾಗಿಲ ಬಳಿ ಇಟ್ಟೆ.

ಮರುದಿನ ಬಯಲಿನಲ್ಲಿ ಮಂಜಿತ್ತು. ವಿರೂಪಾಕ್ಷ ಮಗಳ ಜೊತೆ ಕರಿಬಿಲ್ಲನ್ನೂ ತಂದು ಬೆಂಚಿನ ಮೇಲಿಟ್ಟಿದ್ದ. ಅನಘಾಳಿಗೆ ಕ್ಲಬ್ಬಿನ ಹಗುರ ಬಿಲ್ಲೊಂದನ್ನು ಕೊಟ್ಟು, ದೂರ ನಿಲ್ಲಿಸಿ ಹೆದೆ ಎಳೆಯುವ ರೂಢಿ ಮಾಡಿಕೋ ಎಂದೆ — ಬಾಣವಿಲ್ಲದೆ ಹೆದೆ ಬಿಡಬಾರದು, ಮೆಲ್ಲಗೆ ವಾಪಸು ತರಬೇಕು ಎಂದು ಎಚ್ಚರಿಸಿ. ಆಮೇಲೆ ನನ್ನ ಬಿಲ್ಲನ್ನು ವಿರೂಪಾಕ್ಷನ ಕೈಗೆ ಕೊಟ್ಟೆ. "ಎಳಿ. ಎಳೆದು ಊರ ಹೆಸರು ಹೇಳು."

ಅವನು ಬೇಡ ಎಂದ, ನಾನು ಬಿಡಲಿಲ್ಲ. ಎಳೆದ. ಹೆದೆ ತುಟಿಯ ಅಂಚಿಗೆ ಬಂದು ನಿಂತಿತು. ತೋಳು ಅಲ್ಲಾಡಲಿಲ್ಲ. "ಹುಬ್ಬಳ್ಳಿ" ಎಂದ, ಮೆಲ್ಲಗೆ. ಬಾಣ ಹೋಗಿ ತಾಗಿದ ಸದ್ದು ಮಂಜಿನೊಳಗಿನಿಂದ ಬಂತು. ಅವನು ಬಿಲ್ಲಿನ ಹಿಡಿಯನ್ನು ತಿರುಗಿಸಿ ನೋಡಿದ.

"ಆವತ್ತ ಕರೀದರಾಗ ನೀವು ಊರ ಹೆಸರು ಕೇಳಲಿಲ್ರಿ ನನಗ" ಎಂದ. "ಮರತಿದ್ರೇನ್ರಿ?"

ಮರೆತಿದ್ದೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪಿಸಿಕೊಳ್ಳುವ ಆ ಬಾಗಿಲನ್ನು ಅವನು ತನ್ನ ಕೈಯಾರೆ ತೆರೆದುಕೊಟ್ಟಿದ್ದ, ಅವನ ಸ್ವಭಾವವೇ ಅದು.

"ಇಲ್ಲ ವಿರೂಪಾಕ್ಷ. ಮರೆತಿರಲಿಲ್ಲ. ನಿಂಗೆ ಭಾರ ಆಗುತ್ತೆ ಅಂತ ಗೊತ್ತಿತ್ತು. ಈ ಬಿಲ್ಲು ನಂಗೆ ಬೇಕಾಗಿತ್ತು. ನಿನ್ನ ಕೈ ಸರಿಯಾಗೇ ಇತ್ತು."

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ — ಇರಲಿ. ಬಿಲ್ಲನ್ನು ಬೆಂಚಿನ ಮೇಲೆ, ಕರಿಬಿಲ್ಲಿನ ಪಕ್ಕದಲ್ಲಿ, ಸದ್ದಾಗದ ಹಾಗೆ ಇಟ್ಟ. ಆಮೇಲೆ ಕೇಳಿದ.

"ನನಗೇನೋ ಹೇಳಿದ್ರಿ. ಆ ಹಂದಿಗೆ ಏನ್ ಹೇಳ್ತೀರಿ?"

ಅಕ್ಕಾರ ಎನ್ನಲಿಲ್ಲ. ಮಗಳ ಬಳಿ ನಡೆದುಹೋದ. ಅವಳ ಹಿಂದೆ ನಿಂತು ಮೊಣಕೈ ಎತ್ತಿ ತಿದ್ದುವುದು, "ಈಗ ಊರ ಹೆಸರು ಹೇಳವ್ವಾ" ಎನ್ನುವುದು, ಅವಳು ಗೊಂದಲದಿಂದ "ಕ್ಯಾಂಪ್‌ಬೆಲ್?" ಎನ್ನುವುದು ಎಲ್ಲ ಕೇಳಿಸಿತು. ನನ್ನ ಮಾತುಗಳೇ. ಎಷ್ಟು ಚೆನ್ನಾಗಿ ಕಲಿತಿದ್ದ. ಹೋಗುವಾಗ ಎರಡು ಬಿಲ್ಲುಗಳನ್ನೂ ಬೆಂಚಿನ ಮೇಲೆಯೇ ಬಿಟ್ಟುಹೋದ.

ಈಗ ಅವನು ಮಗಳೊಂದಿಗೆ ಭಾನುವಾರ ಬರುತ್ತಾನಂತೆ. ನಾನು ಶನಿವಾರ ಹೋಗುತ್ತೇನೆ. ಹೊಸಬರು ಬಂದರೆ ಬಿಲ್ಲು ಆರಿಸುವ ಮೊದಲು ಈ ಕಥೆಯನ್ನೇ ಹೇಳುತ್ತೇನೆ, ನನ್ನ ಹೆಸರು ಬಿಡದೆ. ಬೇಟೆಗೆ ಹೋಗುವುದಿಲ್ಲ.

ಈ ವರ್ಷ ಆಯುಧಪೂಜೆಗೆ ಕರೆ ಬರಲಿಲ್ಲ. ನನ್ನ ಅಪಾರ್ಟ್‌ಮೆಂಟಿನಲ್ಲಿ ಎರಡೂ ಬಿಲ್ಲುಗಳನ್ನು ಒರೆಸಿ, ಚಾಪೆಯ ಮೇಲಿಟ್ಟು ಕುಂಕುಮ ಹಚ್ಚಿದೆ. ಕರಿಬಿಲ್ಲಿಗೆ ಹೇಳಿದೆ, ಅವನ ಕೈಯದಲ್ಲ ತಪ್ಪು, ನನ್ನ ಬಾಯಿಯದು ಎಂದು. ಹಂದಿಗೆ ಹೇಳುವ ಮಾತು ಮಾತ್ರ ಬಾಯಿಗೆ ಬರಲಿಲ್ಲ.