ಬೇವಿನ ಕಡ್ಡಿಗೆ ಚುಚ್ಚಿದ ಅಂಜೂರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದೇ. ಹದಿನೆಂಟು ಕಡ್ಡಿಗಳಲ್ಲಿ ಒಂದೇ ಒಂದು ಬೇವಿನದು, ಅದು ನಮ್ಮ ಭಾವನ ಬಾಯಿಗೆಂದೇ ಸಿದ್ಧವಾದದ್ದು. ಹಣ್ಣು ಚುಚ್ಚಿದ ಮೇಲೆ ಎಲ್ಲ ಕಡ್ಡಿಗಳೂ ಒಂದೇ ಥರ ಕಾಣುತ್ತವಲ್ಲ, ಗುರುತಿಗೆ ಇರಲಿ ಎಂದು ಅದರ ತುದಿಗೆ ಒಂದು ಅಂಜೂರವನ್ನು ಸಿಗಿಸಿದೆ. ಉಳಿದ ಯಾವ ಕಡ್ಡಿಗೂ ಅಂಜೂರವಿರಲಿಲ್ಲ. ಬಾಜಾರದಲ್ಲಿ ಸಿಕ್ಕ ನಾಲ್ಕರಲ್ಲಿ ಮೂರನ್ನು ದಾರಿಯಲ್ಲೇ ನಾನು ತಿಂದಿದ್ದೆ. ಹದಿನೇಳು ಬಡ ಕಡ್ಡಿಗಳ ನಡುವೆ ಒಂದನ್ನು ಮದುಮಗನಂತೆ ಸಿಂಗರಿಸಿ ನಿಲ್ಲಿಸಿ, ಅದರ ಮೇಲೆ ಬೇರೆ ಯಾರ ಕಣ್ಣೂ ಬೀಳುವುದಿಲ್ಲವೆಂದು ನಂಬಿದ ಜಾಣ ಇಡೀ ವಿಜಾಪುರ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಭಾವನ ಮೇಲೆ ನನಗೆ ಒಂದು ವರ್ಷದ ಹಗೆಯಿತ್ತು. ಅದು ಹುಟ್ಟಿದ್ದು ಅವನ ಊರು ತಿಕೋಟಾದಲ್ಲಿ, ಅವನ ತಂಗಿಯ ಮದುವೆಯಲ್ಲಿ.

ನನಗೆ ಸಣ್ಣಂದಿನಿಂದಲೂ ಕಂಡವರ ದನಿ ತೆಗೆಯುವ ಚಟ. ಬಬಲೇಶ್ವರದ ನಮ್ಮ ಓಣಿಯ ಮುದುಕರಿಂದ ಹಿಡಿದು ಸಾಲಿ ಮಾಸ್ತರರವರೆಗೆ ಯಾರನ್ನೂ ಬಿಟ್ಟವನಲ್ಲ. “ನಿನ್ನ ಸ್ವಂತ ದನಿ ಎಲ್ಲಿಟ್ಟು ಮರತೀಯೋ ಯಪ್ಪಾ?” ಎಂದು ಅವ್ವ ಕೇಳುತ್ತಿದ್ದಳು. ಆ ಮದುವೆಯ ಹಂದರದಲ್ಲಿ ಭಾವ ನನ್ನ ಹೆಗಲ ಮೇಲೆ ಕೈ ಹಾಕಿ, “ಲೇ ನಕಲಿ, ನಮ್ಮ ಕಾಕಾನ್ನ ಒಂದೀಟು ಮಾಡಿ ತೋರಸು” ಎಂದ. ಕಾಕಾ ಎಂದರೆ ಆ ಮನೆಯ ಹಿರಿಯ. ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು, ರಸ ಚೆಲ್ಲದಂತೆ ಗದ್ದವನ್ನು ಆಕಾಶಕ್ಕೆತ್ತಿ ಮಾತಾಡುವ ಆಸಾಮಿ. ನಾನು ಗದ್ದ ಎತ್ತಿದೆ, ಗಳಗಳ ಎಂದೆ, ಜನ ಬಿದ್ದುಬಿದ್ದು ನಕ್ಕರು. ಆಗ ಹಿಂದಿನ ಪರದೆ ಸರಿಯಿತು. ಕಾಕಾ ಅಲ್ಲೇ ಕುರ್ಚಿಯ ಮೇಲಿದ್ದರು. ಕುರ್ಚಿ ಹಾಕಿ ಕೂಡಿಸಿದವನು ಭಾವನೇ.

ಬೀಗರ ಮುಂದೆ, ಹೆಣ್ಣುಮಕ್ಕಳ ಮುಂದೆ, ವಾಜಂತ್ರಿಯವರ ಮುಂದೆ ಕಾಕಾ ನನಗೆ ಕಿವಿ ಹಿಡಿಸಿ ಬಸ್ಕಿ ಹೊಡೆಸಿದರು. ಎಣಿಸಿದವನು ಭಾವ. “ಏಳು... ಎಂಟು... ಲೇ, ಪೂರಾ ಕೂಡು, ಅದು ಲೆಕ್ಕಕ್ಕ ಹಿಡಿಯಂಗಿಲ್ಲ. ಮತ್ತ ಎಂಟು...” ಮೂರು ದಿನ ನಾನು ಮೆಟ್ಟಿಲು ಇಳಿಯುವಾಗೆಲ್ಲ ಮುದುಕಿಯರ ನಕಲು ತಾನಾಗಿಯೇ ಬರುತ್ತಿತ್ತು. ಆ ಎಣಿಕೆ ಮಾತ್ರ ಕಿವಿಯಿಂದ ಹೋಗಲಿಲ್ಲ.

ಹೀಗಿರುವಾಗ ನಾಗರ ಪಂಚಮಿ ಹತ್ತಿರ ಬಂತು. ಅಕ್ಕನನ್ನು ತವರಿಗೆ ಕರೆತರಲು ಭಾವನ ನೌಕರಿಯ ಊರು ವಿಜಾಪುರಕ್ಕೆ ಹೋಗುವುದು ನನ್ನ ಪಾಲಿಗೆ ಬಿತ್ತು. ಎರಡು ವರ್ಷ ಆಕೆ ಪಂಚಮಿಗೆ ಬಂದಿರಲಿಲ್ಲ. ಒಮ್ಮೆ ಅತ್ತೆಗೆ ಜ್ವರ, ಇನ್ನೊಮ್ಮೆ ಭಾವನ ಕಚೇರಿಯ ನೆಪ. ಓಣಿಯ ಹುಡುಗಿಯರೆಲ್ಲ ತವರಿಗೆ ಬಂದು ಜೋಕಾಲಿ ಆಡುವಾಗ ಅವ್ವ ಬಾಗಿಲು ಮುಚ್ಚಿಕೊಂಡು ಒಳಗೆ ಕೂಡುತ್ತಿದ್ದಳು. ಈ ಸಲ ನನ್ನನ್ನು ಕಳಿಸುವಾಗ, “ಒಬ್ಬನ ಬಂದ್ರ ಹೊಸ್ತಲಾ ದಾಟಬ್ಯಾಡ ನೋಡು” ಎಂದಿದ್ದಳು.

ಭಾವ ಪಡಸಾಲೆಯಲ್ಲಿ ಕೂತು ಟೋಪಿಗೆ ಬ್ರಶ್ ಹೊಡೆಯುತ್ತಿದ್ದ.

“ಕರಿಯಾಕ ಬಂದೀಯೇನ? ಹೋಗಲಿ, ಯಾರ್ ಬ್ಯಾಡಂತಾರ? ಆದ್ರ ನಾಳೆ ಸಂಜೀಕ ನಮ್ಮ ಹೊಸಾ ಸಾಹೇಬರು ಮನೀಗೆ ಬರಾಕತ್ತಾರ. ಪಾರ್ಟಿ ಚಲೋ ಆತಂದ್ರ ನಾಡದ ಮುಂಜಾನೆ ನಾನ ಮೋಟಾರಿಗೆ ಕುಂಡ್ರಸ್ತೀನಿ. ಕೆಟ್ಟಿತಂದ್ರ...” ಟೋಪಿಯ ಮೇಲೊಮ್ಮೆ ಊದಿದ. “ಪಂಚಮಿ ಏನ್ ಓಡಿ ಹೋಗತೈತೇನ? ಮುಂದಿನ ವರ್ಸ ಮತ್ತ ಬರತೈತಿ.”

ಒಳಗೆ ಅಕ್ಕ ಬೀಸುವ ಕಲ್ಲಿನ ಸದ್ದು ನಿಲ್ಲಿಸಿ ಕೇಳುತ್ತಿದ್ದದ್ದು ನನಗೆ ಗೊತ್ತಾಯಿತು.

ಪಾರ್ಟಿ ಎಂದರೆ ಭಜಿ, ಚಹಾ ಅಲ್ಲ. ಭಾವ ಪುಣೆಯಲ್ಲಿ ಯಾವುದೋ ದೊಡ್ಡವರ ಬಂಗಲೆಯಲ್ಲಿ ಕಡ್ಡಿಗೆ ಚುಚ್ಚಿದ ಹಣ್ಣು ನೋಡಿ ಬಂದಿದ್ದ. ಅದನ್ನು ಕೆನೆಯಂಥ ಯಾವುದರಲ್ಲೋ ಅದ್ದಿ ತಿನ್ನುತ್ತಾರಂತೆ. ಅದು ವಿಜಾಪುರದಲ್ಲಿ ಮೊದಲು ಆಗುವುದು ಅವನ ಮನೆಯಲ್ಲೇ ಆಗಬೇಕು.

ಅಕ್ಕ ಹಿಂದಿನ ದಿನವೇ ಗಟ್ಟಿ ಮೊಸರನ್ನು ಅರಿವೆಯಲ್ಲಿ ಕಟ್ಟಿ ಗೂಟಕ್ಕೆ ತೂಗುಹಾಕಿದಳು. ನೀರೆಲ್ಲ ಇಳಿದು ಚಕ್ಕಾ ಆದ ಮೇಲೆ ಅದನ್ನು ತೆಳು ಅರಿವೆಯಲ್ಲಿ ತಿಕ್ಕಿ ಸೋಸಿದಳು. ನಿಡೋಣಿಯ ಗವಳಿ ತಂದ ಎಮ್ಮೆ ಹಾಲಿನ ಕೆನೆ, ಯಾಲಕ್ಕಿ, ಸಕ್ಕರೆ ಹಾಕಿ ಕಡೆದಳು. ಆಗಿನ್ನೂ ಯುದ್ಧ ಮುಗಿದಿರಲಿಲ್ಲ, ಸಕ್ಕರೆ ರೇಶನ್ನಿನದು. ತವರಿಗೆ ಒಯ್ಯುವ ಉಂಡಿಗೆಂದು ಆಕೆ ಚಿಟಿಕೆ ಚಿಟಿಕೆ ಉಳಿಸಿದ್ದ ಸಕ್ಕರೆ ಅದು. ಭಾವ ಬಂದು ಬೆರಳಿಟ್ಟು ನೋಡಿ, “ಇದು ಶ್ರೀಖಂಡಾತು. ತೆಳ್ಳಗ ಆಗಬೇಕು, ಅದ್ದಾಕ ಬರೂವಂಗ” ಎಂದ.

“ಶ್ರೀಖಂಡಕ್ಕ ಹಾಲು ಸುರುವಿದ್ರ ಅದ ಪುಣೇದ್ದು ಆಗತೈತೇನ್ರಿ?” ಎಂದು ಅಕ್ಕ ಕೇಳಿದಳು. ಕೇಳಿ, ಹಾಲು ಸುರುವಿದಳು. ಆಕೆಗೆ ಬಬಲೇಶ್ವರ ಬೇಕಾಗಿತ್ತು.

ಹಣ್ಣು ಚುಚ್ಚುವ ಕೆಲಸ ನನಗೆ. ಬುಟ್ಟಿ ಹೆಣೆಯುವವರಿಂದ ಬಿದಿರಿನ ಕಡ್ಡಿ ತಂದು ನುಣುಪು ಮಾಡಿದೆ. ಅರಕೇರಿಯ ಪೇರಲ ಗಟ್ಟಿ, ಅದು ಬುಡಕ್ಕೆ. ಮೇಲೆ ಪಪ್ಪಾಯಿ, ಅದರ ಮೇಲೆ ಕಪ್ಪಾಗದಂತೆ ನಿಂಬೆರಸ ಸವರಿದ ಬಾಳೆ, ಮತ್ತೊಂದು ತುಂಡು ಪೇರಲ. ಅರ್ಧ ಕುಂಬಳಕಾಯಿಯನ್ನು ತಾಟಿನಲ್ಲಿ ಬೋರಲು ಹಾಕಿ ಅದಕ್ಕೆ ಕಡ್ಡಿಗಳನ್ನು ನೆಟ್ಟರೆ ಅಲಂಕಾರ. ನನಗೇನೋ ಪೂಜೆ ಮಾಡಿಸಿಕೊಂಡ ಮುಳ್ಳುಹಂದಿಯಂತೆ ಕಂಡಿತು.

ಬೇವಿನ ಮರ ಅಂಗಳದಲ್ಲೇ ಇತ್ತು. ಮುಂಜಾನೆ ಅದರ ಕಡ್ಡಿಯಿಂದ ಹಲ್ಲು ತಿಕ್ಕಿದವನಿಗೆ ಮಧ್ಯಾಹ್ನ ಈ ಬುದ್ಧಿ ಹೊಳೆಯಿತು. ಹಸಿ ಟೊಂಗೆ ಮುರಿದು, ತೊಗಟೆ ಕೆರೆದು, ಸಾಲದ್ದಕ್ಕೆ ಎಳೆ ಸೊಪ್ಪು ಜಜ್ಜಿ ಆ ರಸವನ್ನು ಪೇರಲದ ತುಂಡುಗಳಿಗೆ ಸವರಿದೆ. ಸಾಹೇಬರ ಮುಂದೆ ಭಾವ ಉಗುಳಲಾರ. ನಗುತ್ತ ನುಂಗಬೇಕು, ನುಂಗುತ್ತ ನಗಬೇಕು. ನಾನು ಬಾಗಿಲ ಬಳಿ ನಿಂತು ಮನಸ್ಸಿನಲ್ಲೇ ಎಣಿಸಬೇಕು. ಪೂರಾ ನುಂಗದಿದ್ದರೆ ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ! ಇದರಿಂದ ಪಾರ್ಟಿ ಕೆಟ್ಟರೆ ಅಕ್ಕನ ಪಂಚಮಿಯೂ ಕೆಡುತ್ತದೆ ಎಂಬುದು, ದೇವರಾಣೆ, ನನ್ನ ತಲೆಗೆ ಬರಲೇ ಇಲ್ಲ. ತಲೆಯ ತುಂಬ ಭಾವನ ಮೋರೆಯೇ ಇತ್ತು.

ಸಾಹೇಬರು ಹೆಂಡತಿಯನ್ನೂ ಮುದಿ ತಾಯಿಯನ್ನೂ ಕರೆದುಕೊಂಡು ಬಂದರು. ನಾನು ತಾಟು ಹೊತ್ತು ತಂದು, ಅಂಜೂರದ ಕಡ್ಡಿ ಸರಿಯಾಗಿ ಭಾವನ ಕಡೆಗೇ ಬರುವಂತೆ ತಿರುಗಿಸಿ ಇಟ್ಟೆ. ಭಾವ ಕೈ ಚಾಚಿದ. ಅಜ್ಜಿ ತಡೆದರು.

“ತಡೀರಿ, ಮಾಡಿದಾಕಿ ಎಲ್ಲಿ?”

“ಒಳಗದಾಳ್ರಿ.”

“ಕರೀರಿ. ಶ್ರಾವಣದಾಗ ಮನಿ ಮುತ್ತೈದಿ ಬಾಯಿ ಬರಿದ ಇಟ್ಟು ನಾ ತಿನ್ನಾಂಗಿಲ್ಲ.”

ಅಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದು ನಿಂತಳು. ಅಜ್ಜಿ ಕುಂಬಳಕಾಯಿಯ ಸುತ್ತ ಕಣ್ಣಾಡಿಸಿದರು. “ಇದ ಚಂದ ಐತಿ” ಎಂದು ಅಂಜೂರದ ಕಡ್ಡಿಯನ್ನೇ ಕಿತ್ತು ಕೆನೆಯಲ್ಲಿ ಅದ್ದಿದರು.

“ಅಜ್ಜೀ, ಅದು ಭಾವಾರದ್ರಿ!” ಎಂದು ಕೂಗಿಬಿಟ್ಟೆ. ಅದೇ ಮೊದಲ ಸಲ ನನ್ನ ಸ್ವಂತ ದನಿ ಬಂದಿರಬೇಕು.

“ಗಂಡಸರದು ಆಮ್ಯಾಗ. ಬಾಯಿ ತೆಗಿಯವ್ವಾ.”

ಅಂಜೂರ ಸುಖವಾಗಿ ಹೋಯಿತು. ಪೇರಲ ಹೋದಾಗ ಅಕ್ಕನ ಕಣ್ಣು ಒಂದು ಸಲ ಮುಚ್ಚಿ ತೆರೆಯಿತು, ತೆರೆದು ನೆಟ್ಟಗೆ ನನ್ನ ಮೇಲೆ ಬಿತ್ತು. ನಾನು ಕುಂಬಳಕಾಯಿಯನ್ನು ನೋಡಿದೆ.

“ಹೆಂಗೈತಿ?” ಅಜ್ಜಿ ಕೇಳಿದರು.

“ಚಲೋ ಐತ್ರಿ.”

“ಹಂಗಾರ ಪೂರಾ ತಿನ್ನು.”

ಬಾಳೆ, ಪಪ್ಪಾಯಿ, ಬುಡದ ಪೇರಲ. ಅಕ್ಕ ನಗುತ್ತ ನುಂಗಿದಳು, ನುಂಗುತ್ತ ನಕ್ಕಳು. ಬೇಡಬೇಡವೆಂದರೂ ನನ್ನ ತಲೆಯೊಳಗೆ ಭಾವನ ದನಿ ಎಣಿಸುತ್ತಿತ್ತು.

ಒಳಗೆ ಬಂದು ಆಕೆ ಹಂಡೆಯ ಬಳಿ ಬಾಯಿ ಮುಕ್ಕಳಿಸಿದಳು. ಕಡ್ಡಿ ಇನ್ನೂ ಮುಷ್ಟಿಯಲ್ಲಿತ್ತು. “ಅವರಿಗೇನಲೇ ಇದು?” ಎಂದಳು. ನಾನು ಹೂಂ ಎಂದೆ. “ನನ್ನ ಪಂಚಮಿ ನೆನಪಿತ್ತೇನ ನಿನಗ?”

ಪಾರ್ಟಿ ಮಾತ್ರ ಗೆದ್ದಿತು. ಸಾಹೇಬರು ಕೆನೆಯ ಬಟ್ಟಲನ್ನು ಬೆರಳಿನಿಂದ ಒರೆಸಿ ತಿಂದರು. ಅವರ ಟಾಂಗಾ ಓಣಿ ದಾಟುತ್ತಲೇ ಭಾವ ಕೈ ತಿಕ್ಕಿಕೊಳ್ಳುತ್ತ ಒಳಗೆ ಬಂದ.

“ಪಂಚಮಿ ಮರುದಿನ ಸಾಹೇಬರ ಮನ್ಯಾಗೂ ಇದ ಪಾರ್ಟಿ. ಇಕೀನ ಬಂದು ಮಾಡಬೇಕಂತ, ನಾ ಹೂಂ ಅಂದೀನಿ. ಲೇ ನಕಲಿ, ನಾಳೆ ನೀ ಒಬ್ಬನ ಹೋಗು.”

ನನಗೆ ಮೈಯೆಲ್ಲ ಉರಿಯಿತು. ಅವನದೇ ಮೂಗಿನ ದನಿಯಲ್ಲಿ, ಇಲ್ಲದ ಟೋಪಿಯನ್ನು ಊದುತ್ತ ಅಂದೆ: “ಪಂಚಮಿ ಏನ್ ಓಡಿ ಹೋಗತೈತೇನ? ಮುಂದಿನ ವರ್ಸ ಮತ್ತ ಬರತೈತಿ!”

ಭಾವ ಕೈ ಎತ್ತಿದ. ಅಕ್ಕ ನಡುವೆ ಬಂದು ಆ ಬೇವಿನ ಕಡ್ಡಿಯನ್ನು ಪಾತ್ರೆಯ ತಳದಲ್ಲಿ ಉಳಿದಿದ್ದ ಕೆನೆಯಲ್ಲಿ ಅದ್ದಿ ಅವನ ಮುಂದೆ ಹಿಡಿದಳು. “ಕಡದು ನೋಡ್ರಿ.” ಏನೋ ಉಪಚಾರವೆಂದು ತಿಳಿದು ಅವನು ಕಚ್ಚಿದ. ಕೆನೆ ಮುಗಿದು ಬೇವು ನಾಲಿಗೆಗೆ ತಾಗಿದ್ದೇ ತಡ ಥೂ ಥೂ ಎಂದು ಅಂಗಳಕ್ಕೆ ಓಡಿದ. ನಾನು ಎಣಿಸಬೇಕೆಂದಿದ್ದೆ, ಮರೆತೇಹೋಯಿತು. ಬಾಯಿ ಒರೆಸಿಕೊಂಡು ತಿರುಗಿ ಬಂದವನು ನನ್ನ ಕುತ್ತಿಗೆಗೇ ಕೈ ಹಾಕುವವನಿದ್ದ.

ಮರುದಿನ ಮುಂಜಾನೆ ಅದೇ ಭಾವ ಅಕ್ಕನ ಗಂಟನ್ನು ತಾನೇ ಹೊತ್ತು ತಂದು, ಇದ್ದಿಲ ಹೊಗೆ ಕಾರುವ ಯುದ್ಧಕಾಲದ ಮೋಟಾರು ಬಸ್ಸಿನಲ್ಲಿ ನಮ್ಮಿಬ್ಬರನ್ನು ಕೂಡಿಸಿ ಹೋದ. ಅದಕ್ಕೆ ಹಿಂದಿನ ಸಂಜೆ ಅವನ ಕೈ ನನ್ನ ಕುತ್ತಿಗೆ ಮುಟ್ಟುವ ಮೊದಲು ಅಕ್ಕ ಆಡಿದ ಒಂದು ಮಾತೇ ಕಾರಣ. ದನಿ ಏರಿಸಲಿಲ್ಲ, ಸೆರಗು ಕೂಡ ಸರಿಮಾಡಿಕೊಳ್ಳಲಿಲ್ಲ. ಆ ದನಿಯನ್ನು ತೆಗೆಯಲು ನಾನು ಎಷ್ಟೋ ಸಲ ನೋಡಿದ್ದೇನೆ, ಇವತ್ತಿಗೂ ಬಂದಿಲ್ಲ.

“ಅವನ್ನೇನ್ ನೋಡ್ತೀರಿ, ನನ್ನ ಕಡೆ ನೋಡ್ರಿ. ನಿಮ್ಮ ಸಾಹೇಬರ ಮುಂದ ಇವತ್ತ ನಾ ಇದನ್ನ ನಕ್ಕೋತ ನುಂಗೀನಿ. ಆ ಪಾರ್ಟಿಗೆ ನನ್ನ ನಿಲ್ಲಿಸಿಕೊಂಡ್ರ, ಅಲ್ಲಿ ಉಗುಳತೀನಿ.”